ಸತ್ತರೆ ಮಾತ್ರ ಮಗಳು

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೈದು ವರ್ಷ ತಕ್ಕಡಿಗಳಿಗೆ ಮುದ್ರೆ ಒತ್ತಿ ನಿವೃತ್ತರಾದವರು ರೂಲ್ಸಪ್ಪನವರು. ಆ ಹೆಸರಿಟ್ಟದ್ದು ಅಪ್ಪ ಅಮ್ಮ ಅಲ್ಲ, ಕಚೇರಿಯ ಜವಾನ. ನಿವೃತ್ತಿಯಾದ ಮೇಲೆ ನಿಯಮ ಹೇಳಲು ಯಾರೂ ಸಿಗದೆ ಅವರು ಚಡಪಡಿಸಿದರು. ಅಡುಗೆಮನೆಯಲ್ಲಿ ಶುರುಮಾಡಿದರೆ ಹೆಂಡತಿ ಎರಡೇ ದಿನಕ್ಕೆ ಅಟ್ಟಿದಳು. ಕೊನೆಗೆ ಎದುರು ಮಾತಾಡದ ಜನ ಸಿಕ್ಕಿದರು. ಸತ್ತವರು.

ಸಮಾಧಿಗಳ ಫೋಟೊ ತೆಗೆದು, ಕಲ್ಲಿನ ಬರಹ ಓದಿ, ವಂಶ ಹುಡುಕುವವರಿಗಾಗಿ ಸತ್ತವರಿಗೆಲ್ಲ ಒಂದೊಂದು ಪುಟ ಮಾಡುವ ವೆಬ್‌ಸೈಟೊಂದಕ್ಕೆ ಅವರು ಸೇರಿಕೊಂಡರು. ಪುಟ ಮಾಡಿದವನೇ ಅದಕ್ಕೆ ಯಜಮಾನ, ತಿದ್ದುವ ಹಕ್ಕೂ ಅವನದೇ. ಬ್ರಷ್ಷು, ನೀರಿನ ಬಾಟಲಿ, ಮಾಸಿದ ಅಕ್ಷರದ ಮೇಲೆ ಬಿಸಿಲು ಬೀಳಿಸಲು ಹೆಂಡತಿಯ ಕನ್ನಡಿ, ಇಷ್ಟನ್ನು ಹಿಡಿದು ರೂಲ್ಸಪ್ಪನವರು ದಿನಾ ಬೆಳಗ್ಗೆ ಹೊರಟುಬಿಡುತ್ತಿದ್ದರು. ಆರು ವರ್ಷದಲ್ಲಿ ಒಂಬತ್ತು ಸಾವಿರ ಜನ ಅವರ ಕೈಕೆಳಗೆ ಬಂದರು. ಅಷ್ಟು ಸಿಬ್ಬಂದಿ ಅವರ ಮೇಲಧಿಕಾರಿಗೂ ಇರಲಿಲ್ಲ.

ಈ ನೆಮ್ಮದಿಗೆ ಕಲ್ಲು ಹಾಕಿದವಳು ಎದುರುಮನೆಯ ಹೊಲಿಗೆಯಜ್ಜಿ. ಅವಳ ತಾಯಿಯ ಸಮಾಧಿಯ ಮೇಲೆ 'ಇಬ್ಬರು ಗಂಡುಮಕ್ಕಳ ತಾಯಿ' ಎಂದಷ್ಟೇ ಕೆತ್ತಿತ್ತು. ಕೆತ್ತಿಸಿದವರು ಆ ಸುಪುತ್ರರೇ. ಈಗ ಅವರೂ ಪಕ್ಕದಲ್ಲೇ ಮಲಗಿದ್ದರು. ರೂಲ್ಸಪ್ಪನವರು ಕಲ್ಲಿನಲ್ಲಿದ್ದದ್ದನ್ನೇ ಪುಟಕ್ಕೆ ಇಳಿಸಿದ್ದರು. ದೂರದ ನೆಂಟರೊಬ್ಬರು ಅದನ್ನು ನೋಡಿ ವಂಶವೃಕ್ಷ ಅಚ್ಚು ಹಾಕಿಸಿ ಮನೆಮನೆಗೂ ಹಂಚಿದರು. ಅದರಲ್ಲಿ ಅಜ್ಜಿ ಹುಟ್ಟೇ ಇರಲಿಲ್ಲ.

ಅವಳು ಜನನ ಪತ್ರ ಹಿಡಿದು ಬಂದಳು. "ನನ್ನನ್ನೂ ಸೇರಿಸಿ ಸ್ವಾಮಿ."

"ಬದುಕಿರೋರ ಹೆಸರು ಹಾಕೋ ಹಾಗಿಲ್ಲಮ್ಮ. ನಿಯಮ."

ಅಜ್ಜಿ ಬಿಡಲಿಲ್ಲ. ಆರು ತಿಂಗಳು ಎಡತಾಕಿದಳು. ಕೊನೆಗೆ ಒಂದು ದಿನ ರೂಲ್ಸಪ್ಪನವರು ಮಹದುಪಕಾರ ಮಾಡಿದವರ ಮುಖ ಹೊತ್ತು ಕಂಪ್ಯೂಟರನ್ನು ಅವಳತ್ತ ತಿರುಗಿಸಿದರು. "ನೋಡಿ, ನಿಮ್ಮ ಪುಟ ಬರೆದಿಟ್ಟಿದ್ದೀನಿ. ಸತ್ತ ತಾರೀಕು ಒಂದೇ ಬಾಕಿ. ನೀವು ಹೋದ ದಿನವೇ ತಾಯಿ ಪುಟಕ್ಕೆ ಜೋಡಿಸ್ತೀನಿ. ನೀವೇನೂ ಯೋಚನೆ ಮಾಡ್ಬೇಡಿ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹಣೆ ಚಚ್ಚಿಕೊಂಡಳು.

"ಹನ್ನೊಂದು ವರ್ಷ ಅಮ್ಮನ ಹಾಸಿಗೆ ಒಗೆದವಳು ನಾನು," ಎಂದಳು ಅಜ್ಜಿ. "ತಿರುಗಿ ನೋಡದವರು ಮಕ್ಕಳು. ನಾನು ಮಗಳಾಗಬೇಕಾದ್ರೆ ಸಾಯಬೇಕು. ಅಲ್ವಾ?"

"ಹಾಗಲ್ಲ... ಅಂದ್ರೆ, ಹೌದು."

"ನಿಮಗೆಷ್ಟು ವಯಸ್ಸು?"

"ಎಪ್ಪತ್ತೆರಡು."

"ನನಗೆ ಅರವತ್ತೊಂಬತ್ತು. ಕನ್ನಡಕ ಇಲ್ದೆ ಸೂಜಿಗೆ ದಾರ ಪೋಣಿಸ್ತೀನಿ. ನೀವು ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂತ್ಕೋತೀರಿ, ನಮ್ಮ ಕಿಟಕಿಯಿಂದ ಕಾಣುತ್ತೆ. ನಿಮಗಿಂತ ಮೊದಲು ನಾನೇ ಹೋಗ್ತೀನಿ ಅಂತ ಯಾವ ನಿಯಮದಲ್ಲಿದೆ?"

ಆ ಪ್ರಶ್ನೆ ರೂಲ್ಸಪ್ಪನವರನ್ನು ನಿಜಕ್ಕೂ ಹೆದರಿಸಿತು. ಅವರು ಅವಳ ತಾಯಿಯ ಪುಟ ತೆರೆದು ಒಂದು ಸಾಲು ಸೇರಿಸಿದರು: 'ಮಕ್ಕಳು: ಗಂಡು ಎರಡು, ಹೆಣ್ಣು ಒಂದು.' ಹೆಸರು ಹಾಕಬಾರದಷ್ಟೇ, ಎಣಿಸಬಾರದು ಅಂತ ಎಲ್ಲೂ ಇರಲಿಲ್ಲ. ಆರು ತಿಂಗಳು ಆಗದ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯಿತು.

ಅಜ್ಜಿ ಬೆರಳಿಟ್ಟು ಎರಡು ಸಲ ಓದಿದಳು. ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಮೊದಲು ಹುಟ್ಟಿದವಳು ನಾನು," ಎಂದಳು. "ಹೆಣ್ಣನ್ನ ಮೊದಲು ಬರೀರಿ."

ರೂಲ್ಸಪ್ಪನವರು ಬರೆದರು.