ಬಸ್ ಹೊಡೆಯುತ್ತಿದ್ದ ಧಾರವಾಡದ ಅಕ್ಕ

ಕಳೆದ ವಾರ ಡಾಕ್‌ಲ್ಯಾಂಡ್ಸ್ ಕಡೆ ಹೋಗುವ ಟ್ರ್ಯಾಮಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸೊಬ್ಬಳು ಕೈಗೆ ಸನ್‌ಸ್ಕ್ರೀನ್ ಹಚ್ಚಿಕೊಂಡಳು. ಕೊಬ್ಬರಿ ಎಣ್ಣೆಯಂತೆಯೂ ಔಷಧಿಯಂತೆಯೂ ಇರುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮೆಲ್ಬರ್ನ್ ಬಿಟ್ಟು ಸಿಡ್ನಿಯ ಟೂಂಗಾಬಿಗೆ ಹೋಗಿಬಿಟ್ಟಿದ್ದೆ. ಅಲ್ಲಿ ನಮ್ಮ ಕೆಳಗಿನ ಮನೆಯ ಅಕ್ಕ ಬೆಳಗ್ಗೆ ಬಾಗಿಲಲ್ಲಿ ನಿಂತು ಬಲಗೈಗೆ ಮಾತ್ರ ದಪ್ಪಗೆ ಸನ್‌ಸ್ಕ್ರೀನ್ ಬಳಿದುಕೊಳ್ಳುತ್ತಿದ್ದರು.

"ಕೆನಡಾದಾಗ ಎಡಗೈ ಸುಟ್ಟಿತ್ತು, ಇಲ್ಲಿ ಬಲಗೈ ಸುಡ್ಲಿಕ್ಕತ್ತದ. ಎರಡೂ ಒಂದ ಬಣ್ಣ ಆದ್ರ ಸಾಕು," ಎಂದು ನಗುತ್ತಿದ್ದರು. ಬಸ್ ಡ್ರೈವರ್ ಕೂರುವುದು ಆ ದೇಶದಲ್ಲಿ ಎಡಕ್ಕೆ, ಈ ದೇಶದಲ್ಲಿ ಬಲಕ್ಕೆ; ಕಿಟಕಿಯ ಬಿಸಿಲು ಬೀಳುವುದು ಆ ಕಡೆಯ ಕೈ ಮೇಲೆ.

ಅಕ್ಕ ಧಾರವಾಡದವರು. ಅಲ್ಲಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದವರು. ಮದುವೆಯಾಗಿ ಕೆನಡಾಕ್ಕೆ ಹೋದಾಗ ಅಲ್ಲಿಯವರು ಇವರ ಡಿಗ್ರಿ ಸಾಲದು, ಮತ್ತೆ ಓದಿಕೊಂಡು ಬನ್ನಿ ಎಂದರಂತೆ. ಕಂಕುಳಲ್ಲಿ ಹಸುಗೂಸು. ಕಾಲೇಜಿಗೆ ಹೋಗುವ ಪರಿಸ್ಥಿತಿ ಇರಲಿಲ್ಲ. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ, ಶಾಲೆಯ ಒಳಗೆ ಬಿಡದಿದ್ದರೆ ಶಾಲೆಯ ಗೇಟಿನವರೆಗಾದರೂ ಹೋಗುತ್ತೇನೆ ಎಂದು ಹಳದಿ ಸ್ಕೂಲ್ ಬಸ್ ಓಡಿಸುವುದನ್ನು ಕಲಿತರು. ಹಿಮ ಬಿದ್ದ ರಸ್ತೆಗಳಲ್ಲಿ ವರ್ಷಗಟ್ಟಲೆ ಮಕ್ಕಳನ್ನು ಕರೆದೊಯ್ದರು. ಅಷ್ಟರಲ್ಲಿ ಮನೆಯವರೆಲ್ಲ ಕೆನಡಾದ ಪ್ರಜೆಗಳಾದರು, ಮಗಳು ಕಾಲೇಜು ಸೇರಿದಳು. ಇನ್ನೇನು ನೆಲೆ ನಿಂತೆವು ಎನ್ನುವಾಗ ಸುರಂಗ ಕೊರೆಯುವ ಎಂಜಿನಿಯರ್ ಆಗಿದ್ದ ಅವರ ಯಜಮಾನರನ್ನು ಕಂಪನಿ ಸಿಡ್ನಿಯ ಪ್ರಾಜೆಕ್ಟಿಗೆ ಕಳಿಸಿತು. ಮಗಳನ್ನು ಹಾಸ್ಟೆಲಿನಲ್ಲಿ ಬಿಟ್ಟು ಅಕ್ಕ ಇನ್ನೊಮ್ಮೆ ಗಂಡನ ವೀಸಾದ ಮೇಲೆ ಇನ್ನೊಂದು ದೇಶಕ್ಕೆ ಬಂದಿಳಿದರು.

ನಾನೂ ಆಗಷ್ಟೇ ಹಾಗೆಯೇ ಬಂದವಳು. ಬೆಂಗಳೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಗಂಡನ ವೀಸಾದಲ್ಲಿ ಬಂದರೂ ಇಲ್ಲಿ ಕೆಲಸ ಮಾಡಲು ನನಗೆ ಅಡ್ಡಿಯೇನೂ ಇರಲಿಲ್ಲ. ಅಡ್ಡಿ ಇದ್ದದ್ದು ಕೆಲಸ ಕೊಡುವವರ ಮನಸ್ಸಿನಲ್ಲಿ. ಒಬ್ಬರು ಇಲ್ಲೇ ಕಾಯಂ ಇರುವ ಪರವಾನಗಿ, ಪಿಆರ್, ಇದೆಯೇ ಎಂದು ಕೇಳುತ್ತಿದ್ದರು, ಇನ್ನೊಬ್ಬರು ಲೋಕಲ್ ಎಕ್ಸ್‌ಪೀರಿಯೆನ್ಸ್ ಎಲ್ಲಿ ಎನ್ನುತ್ತಿದ್ದರು. ಬರುಬರುತ್ತಾ ನಾನು ಅರ್ಜಿ ಹಾಕುವುದನ್ನೇ ನಿಲ್ಲಿಸಿದೆ. ಹಗಲೆಲ್ಲ ಕಿಟಕಿಯ ಬಳಿ ಕೂತು ಕಾರ್ ಪಾರ್ಕ್ ನೋಡುತ್ತಿದ್ದೆ.

ಅಕ್ಕನ ಪರಿಚಯವಾದದ್ದು ಆ ಕಿಟಕಿಯಿಂದಲೇ. ನಾನು ಫೋನಿನಲ್ಲಿ ಕನ್ನಡ ಮಾತಾಡುವುದು ಅವರ ಕಿವಿಗೆ ಬಿದ್ದಿತ್ತಂತೆ. ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದವರು ತಲೆಯೆತ್ತಿ, "ಏ ತಂಗಿ, ದಿನಾ ಅಲ್ಲೇ ಕುಂತಿರ್ತೀಯಲ್ಲ, ಯಾರ ದಾರಿ ನೋಡ್ತೀ? ಕೆಳಗ ಬಾ, ಚಾ ಮಾಡ್ತೀನಿ," ಎಂದರು. ಅಷ್ಟು ದಿನಗಳ ಮೇಲೆ ನನ್ನನ್ನು ಯಾರೋ ಕನ್ನಡದಲ್ಲಿ ಗದರಿಸಿದ್ದರು! ಓಡಿ ಇಳಿದು ಹೋದೆ.

ಆ ದಿನಗಳಲ್ಲಿ ಅಕ್ಕ ಇಲ್ಲಿ ಬಸ್ ಓಡಿಸುವ ಲೈಸೆನ್ಸಿಗೆ ತಯಾರಾಗುತ್ತಿದ್ದರು. ಯಜಮಾನರಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಕೆನಡಾದಲ್ಲಿ ಹೇಗೋ ನಡೆಯಿತು, ಇಲ್ಲಿ ತಾನು ದೊಡ್ಡ ಹುದ್ದೆಗೆ ಬಂದಿದ್ದೇನೆ, ಆರಾಮಾಗಿ ಮನೆಯಲ್ಲಿರು ಎನ್ನುತ್ತಿದ್ದರು. ಅವರು ಕೆಟ್ಟವರಲ್ಲ. ನಾಲ್ಕು ಜನರ ಮುಂದೆ ಹೇಗೆ ಹೇಳುವುದು ಎಂಬ ಸಂಕೋಚ, ಅಷ್ಟೇ.

ಆ ನಾಲ್ಕು ಜನ ಪಕ್ಕದ ಪೆಂಡಲ್ ಹಿಲ್ಲಿನ ಒಂದು ಹೋಟೆಲಿನಲ್ಲಿ ಸಿಕ್ಕೇಬಿಟ್ಟರು. ಯಾರದೋ ಮಗುವಿನ ಹುಟ್ಟುಹಬ್ಬ. ನಾವೂ ಹೋಗಿದ್ದೆವು. ಎದುರಿಗೆ ಕೂತಿದ್ದ ಬೆಂಗಳೂರಿನ ಆಂಟಿಯೊಬ್ಬರು, "ನೀವು ಏನ್ ವರ್ಕ್ ಮಾಡ್ತಿದೀರಾ?" ಎಂದು ಅಕ್ಕನನ್ನು ಕೇಳಿದರು.

"ಅಕಿ ಸದ್ಯಕ್ಕ ಬ್ರೇಕ್ ತಗೊಂಡಾಳ್ರಿ," ಎಂದು ಯಜಮಾನರು ನಡುವೆ ಬಂದರು.

ಅಕ್ಕ ಕೈಯಲ್ಲಿದ್ದ ಪೂರಿಯನ್ನು ತಟ್ಟೆಗಿಟ್ಟರು. "ಬ್ರೇಕ್ ತಗೊಂಡಿಲ್ರಿ. ಬ್ರೇಕ್ ಹಾಕೂದು ಕಲೀಲಿಕ್ಕತ್ತೀನಿ. ಮುಂದಿನ ತಿಂಗಳಿಂದ ಬಸ್ ಹೊಡೀತೀನಿ."

ಆ ಆಂಟಿ ಮೆಲ್ಲಗೆ, "ಅಷ್ಟು ದೊಡ್ಡ ಗಾಡಿ... ಭಯ ಆಗಲ್ವಾ?" ಎಂದರು. ಅಕ್ಕ, "ಹಿಮದ ಮ್ಯಾಲ ಬಸ್ ಜಾರಿದಾಗ ಆಗಿತ್ರಿ. ಮನ್ಯಾಗ ಸುಮ್ನ ಕುಂತಾಗ ಅದಕ್ಕಿಂತ ಜಾಸ್ತಿ ಆಗ್ತದ," ಎಂದು ಮತ್ತೆ ಪೂರಿ ಮುರಿದರು. ಯಜಮಾನರು ತಲೆ ತಗ್ಗಿಸಿ ತಿನ್ನುತ್ತಲೇ ಇದ್ದರು.

ಲೈಸೆನ್ಸ್ ಬಂತು, ಕೆಲಸವೂ ಸಿಕ್ಕಿತು. ಮೊದಲ ದಿನ ನಾನು ಅಕ್ಕನ ಬಸ್ ಹತ್ತಬೇಕೆಂದು ಸ್ಟಾಪಿಗೆ ಹೋದರೆ ಅಲ್ಲಿ ಆಗಲೇ ಅವರ ಯಜಮಾನರು ನಿಂತಿದ್ದರು. ಆಫೀಸಿಗೆ ರಜೆ ಹಾಕಿದ್ದರೆಂದು ಕಾಣುತ್ತದೆ. ನನ್ನನ್ನು ನೋಡಿ ನೋಡದವರಂತೆ ರಸ್ತೆ ಕಡೆ ತಿರುಗಿದರು. ನೀಲಿ ಶರ್ಟಿನ ಅಕ್ಕ ಬಸ್ ತಂದು ನಿಲ್ಲಿಸಿ ಬಾಗಿಲು ತೆರೆದಾಗ ಗಂಡನನ್ನು ಕಂಡು ಒಂದು ಗಳಿಗೆ ಸ್ಟಿಯರಿಂಗ್ ಮೇಲಿನ ಕೈ ತೆಗೆದರು... ಯಜಮಾನರು ಎಲ್ಲ ಪ್ರಯಾಣಿಕರಂತೆ ಟಿಕೆಟ್ ಕಾರ್ಡ್ ತಾಗಿಸಿ, "ಗುಡ್ ಮಾರ್ನಿಂಗ್" ಎಂದು ಮುಂದಿನ ಸೀಟಿನಲ್ಲಿ ಕೂತರು. ಕೊನೆಯ ಸ್ಟಾಪಿನವರೆಗೂ ಅವರ ಕಣ್ಣು ರಸ್ತೆಯ ಮೇಲೇ ಇತ್ತು. ಇಳಿಯುವಾಗ, "ತಿರುವಿನ್ಯಾಗ ಸ್ವಲ್ಪ ಸಾವಕಾಶ ಹೊಡಿ," ಎಂದರು. ಅಕ್ಕ, "ಡ್ರೈವರ್ ಕೂಡ ಮಾತಾಡಬಾರದ್ರಿ, ಇಳೀರಿ," ಎಂದರು. ಇಬ್ಬರ ಮುಖದಲ್ಲೂ ನಗು.

ಆಮೇಲೆ ಅಕ್ಕ ನನ್ನ ಬೆನ್ನು ಹತ್ತಿದರು. ಅವರ ಬಸ್ ಹೋಗುವ ದಾರಿಯಲ್ಲಿ ರಕ್ತ ಪರೀಕ್ಷೆಯ ಸೆಂಟರ್ ಒಂದಿತ್ತು. ಅಲ್ಲಿ ರಕ್ತ ತೆಗೆಯುವವರು ಬೇಕೆಂಬ ಬೋರ್ಡ್ ನೋಡಿ ಬಂದು ಹೇಳಿದರು. ನನಗೆ ಅಳುವೇ ಬಂತು.

"ಅಕ್ಕಾ, ನಾನು ಲ್ಯಾಬಲ್ಲಿ ಸೀನಿಯರ್ ಆಗಿದ್ದೆ. ಈಗ ಹೋಗಿ ಸೂಜಿ ಚುಚ್ಚಲಾ? ಎಷ್ಟು ಕೆಳಗೆ ಇಳೀಬೇಕು ನಾನು?"

"ಕೆಳಗ ಇಳೀಲಿಕ್ಕತ್ತೀನಿ ಅಂತ ಯಾಕ ಅಂತೀ? ಒಳಗ ಹೋಗ್ಲಿಕ್ಕತ್ತೀನಿ ಅನ್ನು. ಹೊರಗ ನಿಂತು ಅತ್ರ ಯಾರಿಗೂ ಕೇಳ್ಸೂದಿಲ್ಲ. ನಾಳೆ ನನ್ನ ಬಸ್ಸಿಗೆ ಬಾ."

ಮರುದಿನ ಆ ಸೆಂಟರಿನ ಮುಂದೆ ಬಸ್ ನಿಂತಾಗ ನಾನು ಸೀಟು ಬಿಟ್ಟು ಏಳಲಿಲ್ಲ. ಅಕ್ಕ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಬಾಗಿಲು ತೆರೆದೇ ಇಟ್ಟುಕೊಂಡು ಕೂತರು. ಹಿಂದಿನ ಸೀಟಿನ ಅಜ್ಜ ಗೊಣಗತೊಡಗಿದ. ಆಗ ಎದ್ದು ಇಳಿದೆ.

ಒಂದು ಸಣ್ಣ ಕೋರ್ಸ್ ಮಾಡಿ ಅಲ್ಲಿ ಕೆಲಸಕ್ಕೆ ಸೇರಿದೆ. ತೋಳು ಚಾಚಿ ಕೂತ ಅಜ್ಜಿಯರು ತಮ್ಮ ಬೆಕ್ಕು, ನಾಯಿ, ಮೊಮ್ಮಕ್ಕಳ ಕಥೆ ಹೇಳುತ್ತಿದ್ದರು. ಅವರಿಂದ ಈ ದೇಶದ ಮಾತು ಕಲಿತೆ. ಲ್ಯಾಬಿನವರ ಪರಿಚಯ ಬೆಳೆಯಿತು. ಮತ್ತೆ ಅರ್ಜಿ ಹಾಕತೊಡಗಿದೆ.

ಅಷ್ಟರಲ್ಲಿ ಸುರಂಗದ ಕೆಲಸ ಮುಗಿಯಿತು. ಯಜಮಾನರ ಕೆಲಸದೊಂದಿಗೆ ಅಕ್ಕನ ವೀಸಾವೂ ಮುಗಿಯಿತು. ಅಕ್ಕನ ಡ್ರೈವಿಂಗ್ ಎಷ್ಟೇ ಚೆನ್ನಾಗಿದ್ದರೂ ಅವರು ಇಲ್ಲಿ ಇರುವುದು ಗಂಡನ ಪ್ರಾಜೆಕ್ಟಿನ ಮೇಲೆ ನಿಂತಿತ್ತು. ಕೆನಡಾಕ್ಕೆ ಹೊರಡುವ ದಿನ ನಾನು ಅಳುತ್ತಿದ್ದರೆ ಅವರು ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಿದ್ದರು. "ಅಲ್ಲಿ ಹೋಗಿ ಏನ್ ಮಾಡ್ತೀರಾ ಅಕ್ಕಾ?" ಎಂದು ಕೇಳಿದೆ.

"ಮತ್ತ ಎಡಕ್ಕ ಕುಂತು ಹೊಡೀತೀನಿ," ಎಂದರು.

ಹೊಡೆದರು ಕೂಡ. ಆಗಾಗ ಫೋನಿನಲ್ಲಿ ಹಿಮದ ಸುದ್ದಿ ಹೇಳುತ್ತಿದ್ದರು. ನಡುವೆ ನಮಗೆ ಪಿಆರ್ ಬಂತು, ಫೋನ್ ಮಾಡುವುದು ಕಡಿಮೆಯಾಯಿತು... ಕೊನೆಗೊಮ್ಮೆ ಮೆಲ್ಬರ್ನಿನ ದೊಡ್ಡ ಲ್ಯಾಬೊಂದು ನನ್ನನ್ನು ಕರೆಯಿತು. ನನ್ನ ಹಳೆಯ ಕೆಲಸವೇ, ಮೈಕ್ರೋಸ್ಕೋಪಿನ ಮುಂದೆ. ಈ ಸಲ ನನ್ನ ಕೆಲಸಕ್ಕಾಗಿ ಗಂಡ ಸಿಡ್ನಿ ಬಿಟ್ಟು ನನ್ನ ಹಿಂದೆ ಬರಲು ಒಪ್ಪಿದರು, ಡಾಕ್‌ಲ್ಯಾಂಡ್ಸಿನಲ್ಲಿ ಹೊಸ ಕೆಲಸ ಹುಡುಕಿಕೊಂಡರು. ಇದನ್ನು ಮೊದಲು ಅಕ್ಕನಿಗೆ ಹೇಳಬೇಕೆಂದು ಫೋನ್ ಮಾಡಿದೆ.

ಎತ್ತಿದವರು ಯಜಮಾನರು. "ಅಕಿ ಹೋಗಿಬಿಟ್ಲವ್ವಾ," ಎಂದರು. ಕಾಯಿಲೆ ಬಹಳ ಬೇಗ ಕೊಂಡೊಯ್ದಿತ್ತು. ಯಾರಿಗೂ ತಿಳಿಸುವುದು ಬೇಡ ಎಂದಿದ್ದರಂತೆ. "ದವಾಖಾನ್ಯಾಗ ಇದ್ರೂ ಬೇಸಿಗೆ ರಜಾ ಮುಗದ ಮ್ಯಾಲ ಬಸ್ಸಿಗೆ ಬರ್ತೀನಿ ಅಂತ ಡಿಪೋಕ್ಕ ಹೇಳಿ ಇಟ್ಟಿದ್ಲು..." ನನ್ನ ಸುದ್ದಿ ನನ್ನಲ್ಲೇ ಉಳಿಯಿತು.

ಈಗ ನಮ್ಮ ಲ್ಯಾಬಿಗೆ ಜನರನ್ನು ಆರಿಸುವಾಗ ನನ್ನನ್ನೂ ಕೂರಿಸುತ್ತಾರೆ. ಮೊನ್ನೆ ಬೆಳಗಾವಿಯ ಹೆಣ್ಣುಮಗಳೊಬ್ಬಳು ಬಂದಿದ್ದಳು. ಗಂಡನ ವೀಸಾದ ಮೇಲೆ ಬಂದವಳು. ಕೂತವಳೇ ತಾನು ಇಷ್ಟು ದಿನ ಮನೆಯಲ್ಲಿದ್ದುದಕ್ಕೆ ಕ್ಷಮೆ ಕೇಳತೊಡಗಿದಳು. ನಾನು ತಡೆದು, ಯಾವ್ಯಾವ ಪರೀಕ್ಷೆ ಮಾಡಲು ಬರುತ್ತದೆ ಎಂದು ಕೇಳಿದೆ. ಆಗ ಅವಳ ದನಿ ಗಟ್ಟಿಯಾಯಿತು. ಚೆನ್ನಾಗಿ ಉತ್ತರ ಕೊಟ್ಟಳು. ಸೋಮವಾರದಿಂದ ಬರುತ್ತಾಳೆ.

ಆ ಸಂಜೆ ಮನೆಗೆ ನಡೆಯುತ್ತಾ ಈ ಸಂಗತಿಯನ್ನು ಯಾರಿಗೆ ಹೇಳಲಿ ಎಂದು ಯೋಚಿಸಿದೆ. ಹೇಳಿದರೆ ನನ್ನಷ್ಟೇ ಖುಷಿಪಡುವ ಒಬ್ಬರು ಇದ್ದರು. ಈಗ ಇಲ್ಲ. ಆ ಜಾಗಕ್ಕೆ ಬೇರೆ ಯಾರೂ ಬಂದಿಲ್ಲ, ಬರುವಂತೆಯೂ ಕಾಣುವುದಿಲ್ಲ. ಇರಲಿ... ಸೋಮವಾರ ನಾನು ಸ್ವಲ್ಪ ಬೇಗ ಹೋಗಬೇಕು. ಅವಳು ಬರುವ ಹೊತ್ತಿಗೆ ಲ್ಯಾಬಿನ ಬಾಗಿಲು ತೆರೆದಿರಬೇಕು.