ಕೆಂಪು ದಂಟಿನ ಬಸಳೆ

ಬೈಕಂಪಾಡಿಯ ನಮ್ಮ ಓಣಿಯಲ್ಲಿ ಮನೆ ಅಂತ ಉಳಿದಿರುವುದು ನನ್ನದೊಂದೇ. ಮಿಕ್ಕದ್ದೆಲ್ಲ ಗೋದಾಮು, ಗ್ಯಾರೇಜು. ಅಮ್ಮ ತೀರಿಹೋದ ಮೇಲೆ ನನ್ನ ಗೇಟು ತೆರೆದು ಒಳಗೆ ಬರುವವರೆಂದರೆ ಬುಧವಾರದ ಮೀನಿನ ಅಕ್ಕ ಮಾತ್ರ. ಅವರು ಬಂಗುಡೆ ಕೊಟ್ಟರೆ ನಾನು ದುಡ್ಡಿನ ಜೊತೆ ಒಂದು ಕಟ್ಟು ಬಸಳೆ ಕೊಡಬೇಕು. ಅಮ್ಮನ ಕಾಲದಿಂದ ಬಂದ ರೂಢಿ. ಬಸಳೆಯೂ ಅಮ್ಮ ನೆಟ್ಟದ್ದೇ, ಕೆಂಪು ದಂಟಿನದು. ಕಟ್ಟಲು ಅಮ್ಮನ ಹಳೆಯ ಸೀರೆಯ ಹಸಿರು ಅಂಚನ್ನು ಹರಿದಿಟ್ಟುಕೊಂಡಿದ್ದೇನೆ. ನಾನು ಕೊಯ್ದು ತರುವಷ್ಟು ಹೊತ್ತು ಅವರು ಜಗಲಿಯಲ್ಲಿ ಕೂತು ಮಾತಾಡುತ್ತಾರೆ. ಒಂದು ವಾರದ ನನ್ನ ಮಾತೆಲ್ಲ ಅಷ್ಟರಲ್ಲಿ ಮುಗಿಯಬೇಕು.

ಕಳೆದ ಮಳೆಗಾಲ ಮುಗಿದಾಗ ಬಾವಿಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡಿತು. ಪಕ್ಕದ ಗ್ಯಾರೇಜಿನವರು ಲಾರಿಗಳ ಹಳೆಯ ಆಯಿಲನ್ನು ನೆಲಕ್ಕೇ ಚೆಲ್ಲುತ್ತಿದ್ದರು. ಕೇಳಹೋದರೆ, "ಎಂತ ಆಗುದಿಲ್ಲ ಮೇಡಂ, ಮಣ್ಣು ಕುಡಿತದೆ" ಎಂದರು. ಮಣ್ಣು ಕುಡಿದದ್ದು ನನ್ನ ಬಾವಿಗೇ ಬರುತ್ತದೆ ಮಾರಾಯ ಎಂದು ಕೂಗಾಡಿ ಬಂದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ನಳ್ಳಿಯಲ್ಲಿ ಬರುವ ನೀರು ಕುಡಿಯುವಷ್ಟೇ. ಬಸಳೆಗೆ ಬಾವಿಯೇ ಗತಿ. ಬರಬರುತ್ತ ಬುಡಕ್ಕೆ ಹೊಯ್ದ ನೀರು ಇಂಗದೆ ಹನಿಹನಿಯಾಗಿ ಉರುಳತೊಡಗಿತು. ಎಲೆಯ ಅಂಚು ಕಂದಿತು, ಚಿಗುರು ಹಳದಿಯಾಯಿತು. ಒಂದು ಬುಡ ಕಿತ್ತು ನೋಡಿದರೆ ಬೇರೆಲ್ಲ ಕಪ್ಪು. ಎಣ್ಣೆ ಹಿಡಿದ ಮಣ್ಣಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಇರುವುದಿಲ್ಲ.

"ಈ ವಾರ ಬಸಳೆ ಬೇಡ ಅಕ್ಕ, ತಿನ್ನುವ ಹಾಗೆ ಇಲ್ಲ" ಎಂದೆ.

"ಇರ್ಲಿ, ಇದ್ದದ್ದು ಕೊಡಿ. ನಂಗೆ ಎಂತ ಆದ್ರೂ ಆಗ್ತದೆ" ಎಂದು ಮೀನಿನ ಅಕ್ಕ ಜಗಲಿಯಲ್ಲಿ ಕೂತೇಬಿಟ್ಟರು.

ಬಸಳೆ ಇಲ್ಲದಿದ್ದರೆ ಅವರು ಕೂರುವುದೂ ಇಲ್ಲ ಎಂಬ ಹೆದರಿಕೆ ನನಗೆ. ಕೊಟ್ಟೆ. ವಾರವಾರವೂ ಕೊಟ್ಟೆ. ಅವರು ಹೋದ ಮೇಲೆ, ಅದನ್ನು ತಿಂದು ಅವರಿಗೆ ಏನಾದರೂ ಆದರೆ ಎಂದು ಒಬ್ಬಳೇ ಕೂತು ಸಂಕಟಪಡುತ್ತಿದ್ದೆ.

ಮೊನ್ನೆ ಬಸ್ಸಿಗೆ ಹೋಗುವಾಗ ಓಣಿಯ ಆಚೆ, ಖಾಲಿ ಸೈಟಿನ ಗೋಡೆಯ ಮೇಲೆ ಕೆಂಪು ದಂಟಿನ ಬಸಳೆ ಹಬ್ಬಿರುವುದು ಕಂಡಿತು. ಎಲೆ ಅಂಗೈಯಗಲ, ದಪ್ಪ. ಬಗ್ಗಿ ನೋಡಿದರೆ ಬುಡದಲ್ಲಿ ಹಸಿರು ಸೀರೆಯಂಚಿನ ಗಂಟುಗಳು, ಹೊಸದು, ಹಳೆಯದು, ಮಣ್ಣಾದದ್ದು. ಮೀನಿನ ಅಕ್ಕ ಎಸೆದ ದಂಟುಗಳೇ ಅಲ್ಲಿನ ಒಳ್ಳೆಯ ಮಣ್ಣಿನಲ್ಲಿ ಬೇರು ಬಿಟ್ಟಿದ್ದವು. ಸದ್ಯ, ತಿಂದಿಲ್ಲವಲ್ಲ ಎಂದು ಸಮಾಧಾನವಾಯಿತು. ಅಳುವೂ ಬಂತು.

ಬುಧವಾರ ಅಲ್ಲಿಂದಲೇ ಕೊಯ್ದು, ಕಟ್ಟು ಮಾಡಿ ಜಗಲಿಯ ಮೇಲಿಟ್ಟೆ. ಮೀನಿನ ಅಕ್ಕ ಎಲೆ ತಿರುಗಿಸಿ ನೋಡಿದರು, ಮೂಸಿದರು.

"ಇದು ಎಲ್ಲಿದ್ದು?"

"ನೀವೇ ನೆಟ್ಟದ್ದು" ಎಂದೆ.

ಅವರು ತಲೆ ತಗ್ಗಿಸಿದರು. ಬಸಳೆ ಸಿದ್ಧವಾಗಿಯೇ ಇತ್ತು. ಕೊಯ್ದು ತರುವವರೆಗೆ ಕಾಯುವ ಕೆಲಸವಿರಲಿಲ್ಲ. ಇನ್ನು ಹೊರಡುತ್ತಾರೆ ಎಂದುಕೊಂಡೆ. ಅವರು ಮೀನಿನ ಬುಟ್ಟಿಯನ್ನು ಬದಿಗೆ ಸರಿಸಿ, ಜಗಲಿಯಲ್ಲಿ ಕೂತು, ಕಾಲು ಚಾಚಿದರು.

"ಚಾ ಉಂಟಾ?" ಎಂದರು.