ಸೋದರತ್ತೆಯ ಬೆರಳಲ್ಲಿ ಕೂತ ಉಂಗುರ

ನನ್ನ ನಿಶ್ಚಿತಾರ್ಥದ ಉಂಗುರವನ್ನು ಮೊದಲು ತೊಟ್ಟವಳು ನಾನಲ್ಲ, ವರನ ಸೋದರತ್ತೆ. ಮುಧೋಳದಿಂದ ಬೀಗರು ಬನಹಟ್ಟಿಯ ನಮ್ಮ ಮನೆಗೆ ಬಂದಿದ್ದರು. ಚಹಾ ಮುಗಿಸಿದ ಅತ್ತೆ, ‘ತೂಕ ನೋಡ್ತೇನಿ ತಡೀರಿ’ ಎಂದು ಡಬ್ಬಿಯಿಂದ ಉಂಗುರ ತೆಗೆದು ತಮ್ಮ ಬೆರಳಿಗೆ ಏರಿಸಿಕೊಂಡರು. ಅದು ಮತ್ತೆ ಇಳಿಯಲಿಲ್ಲ. ಸಾಬೂನು, ಕೊಬ್ಬರಿ ಎಣ್ಣೆ, ಕೊನೆಗೆ ಬೆಣ್ಣೆ. ಎಳೆದೆಳೆದು ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು.

ಜಮಖಂಡಿಗೆ ಹೋಗಿ ಅಕ್ಕಸಾಲಿಗರ ಹತ್ತಿರ ಕತ್ತರಿಸಿಕೊಂಡು ಬರೋಣ ಎಂದರು ಅಪ್ಪ. ಅತ್ತೆ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು.

‘ಉಂಗುರ ಕತ್ತರಿಸಿದ್ರ ಋಣಾನುಬಂಧ ಕತ್ತರಿಸಿದಂಗ. ಬೇಕಾದ್ರ ಬೆರಳ ಕತ್ತರಿಸ್ರಿ!’

ಮುಹೂರ್ತ ಮೀರುತ್ತಿತ್ತು. ಶಾಸ್ತ್ರ ಮಾಡಿಸಲು ಬಂದಿದ್ದ ಸ್ವಾಮಿಗಳು ಹಣೆ ಒರೆಸಿಕೊಂಡು ಒಂದು ದಾರಿ ಹೇಳಿದರು: ಅತ್ತೆ ನನ್ನ ಕೈ ಹಿಡಿದು ಕೂರಲಿ, ವರ ಆ ಬೆರಳು ಮುಟ್ಟಲಿ. ಹಾಗೇ ಆಯಿತು. ಅಕ್ಷತೆ ಬಿತ್ತು. ಫೋಟೋದಲ್ಲಿ ನಾನೂ ಅತ್ತೆಯೂ ಜೋಡಿಯಂತೆ ಕೂತಿದ್ದೇವೆ. ವರ ಯಾರದೋ ಮದುವೆಗೆ ಬಂದವರಂತೆ ಪಕ್ಕದಲ್ಲಿ ನಿಂತಿದ್ದಾರೆ.

ಬೀಗರೆಲ್ಲ ಗಾಡಿ ಹತ್ತಿದರು. ಅತ್ತೆ ಹತ್ತಲಿಲ್ಲ. ‘ಉಂಗುರ ಹುಡುಗಿ ಮನ್ಯಾಗ ಇರಬೇಕು. ಬಾವು ಇಳಿಲಿ, ಬರ್ತೇನಿ.’

ಬಾವು ಇಳಿಯುವ ಲಕ್ಷಣ ಕಾಣಲಿಲ್ಲ. ಅತ್ತೆ ನನ್ನ ಜೊತೆ ಉಂಡರು, ನನ್ನ ಪಕ್ಕ ಮಲಗಿದರು, ನನ್ನ ಜಡೆ ಹೆಣೆದರು. ವರ ಪ್ರತಿ ರವಿವಾರ ‘ಅತ್ತೀನ್ನ ನೋಡಾಕ’ ಬರತೊಡಗಿದರು.

ಒಂದು ಬೆಳಿಗ್ಗೆ ಅಡುಗೆಮನೆಗೆ ಹೋದರೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಉಂಗುರ ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲಿತ್ತು. ನಾನು ಅಪ್ಪನನ್ನು ಕೂಗಲು ತಿರುಗಿದೆ.

‘ಸುಮ್ಮನಿರ ಬೇ,’ ಎಂದರು, ‘ಅವಗ ಇಲ್ಲಿಗೆ ಬರಾಕ ಒಂದು ನೆವ ಬ್ಯಾಡೇನು?’

ರೊಟ್ಟಿ ಮುಗಿದ ಮೇಲೆ ಕೈ ತೊಳೆದು ಉಂಗುರ ತೊಟ್ಟುಕೊಂಡು, ಅಪ್ಪನಿಗೆ ಕೇಳುವಂತೆ ನರಳಿದರು.

ನಮ್ಮ ಮನೆಯ ಗೋಡೆಯಾಚೆಗೇ ಪವರ್‌ಲೂಮುಗಳು. ಅವುಗಳ ಸದ್ದಿನಲ್ಲಿ ಪ್ರೇಮದ ಮಾತನ್ನೂ ಕಿರುಚಿಯೇ ಆಡಬೇಕು. ಆ ರವಿವಾರ ಅತ್ತೆ ನಮ್ಮಿಬ್ಬರ ನಡುವೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರ ತಲೆಯ ಮೇಲಿನಿಂದ ವರ ಕೂಗಿದರು:

‘ಖರೇನ ಹೇಳು, ನಾ ನಿನಗ ಸೇರ್ತೇನೋ ಇಲ್ಲೋ?’

ಕೊನೆಯ ಮಾತು ಬರುವಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ‘ಇಲ್ಲೋ?’ ಎಂಬ ಮಾತು ಮಾತ್ರ ಓಣಿಯ ತುದಿಯವರೆಗೆ ಹೋಯಿತು. ಕಿಟಕಿಗಳಲ್ಲಿ ಮುಖಗಳು ಮೂಡಿದವು.

ಎದುರುಮನೆಯ ಅಜ್ಜಿ ಕಾಯಲಾರದೆ ಕೇಳಿದರು: ‘ಯಾಕ ಸುಮ್ಮನಾದಿ? ಹೇಳಿಬಿಡ ಬೇ!’

‘ಸೇರ್ತೀರಿ,’ ಎಂದೆ ನೆಲ ನೋಡುತ್ತ.

‘ನಮಗ ಕೇಳ್ಲಿಲ್ಲ!’ ಎಂದರು ಉಳಿದ ಕಿಟಕಿಯವರು.

‘ಸೇರ್ತೀರೀ!’ ಎಂದು ಕೂಗಿದೆ.

ಆ ಸಂಜೆಯೇ ಅತ್ತೆ ಎಲ್ಲರೆದುರು ಉಂಗುರ ತೆಗೆದು ನನಗೆ ತೊಡಿಸಿದರು. ‘ದೈವಸಂಕಲ್ಪ ನೋಡ್ರಿ,’ ಎಂದು ಅಪ್ಪ ಕೈ ಮುಗಿದರು. ಅತ್ತೆಯೂ ಗಂಭೀರವಾಗಿ ಕೈ ಮುಗಿದರು.

ಮರುದಿನ ಅವರು ಮುಧೋಳದ ಬಸ್ಸು ಹತ್ತಿದಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ. ಮದುವೆಯ ದಿನ ತವರು ಬಿಡುವಾಗಲೂ ನನಗೆ ಅಷ್ಟು ಅಳು ಬರಲಿಲ್ಲ.